ಗುಡ್ಡ-ಬೇಲಿ ಗಿಡಗಳಿಂದ ಮನೆಮದ್ದು: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಮದ್ದು ಕಲೀಬೇಕು, ಸಣ್ಣಪುಟ್ಟದ್ದಕ್ಕೆಲ್ಲ ಮೆಡಿಕಲ್ ಶಾಪಿಗೆ ಓಡಬಾರ್ದು ಅಂತ ಆಸೆ ಇರೋರು ಈಗ ಜಾಸ್ತಿ ಆಗಿದಾರೆ, ಖುಷಿನೇ. ಕೇಳೋ ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ, ಅದಕ್ಕೆ ಎಲ್ಲ ಒಂದೇ ಕಡೆ ಬರೆದಿಟ್ಟಿದೀನಿ. ನಾನು ಮಲೆನಾಡಿನ ಕಡೆಯವಳು, ಹಾಗಾಗಿ ಇಲ್ಲಿ ಬರೋ ಗಿಡಗಳು ಶಿವಮೊಗ್ಗ, ಉತ್ತರ ಕನ್ನಡ, ಕರಾವಳಿ, ಕೊಡಗು ಕಡೆಯವು. ಬಯಲುಸೀಮೆಯಲ್ಲೂ ಇದರಲ್ಲಿ ಅರ್ಧಕ್ಕರ್ಧ ಸಿಗುತ್ತೆ.

ಎಷ್ಟು ಗಿಡ ಗೊತ್ತಿರಬೇಕು? ಎಲ್ಲಿಂದ ಶುರು ಮಾಡೋದು?

ಐದು ಗಿಡ ಸಾಕು. ನಿಜವಾಗ್ಲೂ ಹೇಳ್ತಿದೀನಿ. ಐವತ್ತು ಗಿಡದ ಫೋಟೋ ಮೊಬೈಲಲ್ಲಿ ಇಟ್ಕೊಂಡು ಯಾವುದೂ ಸರಿಯಾಗಿ ಗೊತ್ತಿಲ್ಲದೆ ಇರೋದಕ್ಕಿಂತ, ಐದು ಗಿಡನ ಮಳೆಗಾಲದಲ್ಲಿ ಹೇಗಿರುತ್ತೆ, ಬೇಸಿಗೇಲಿ ಹೇಗಿರುತ್ತೆ, ಹೂ ಬಿಟ್ಟಾಗ ಹೇಗೆ, ಎಳೆ ಸಸಿ ಇದ್ದಾಗ ಹೇಗೆ ಅಂತ ಒಂದಿಡೀ ವರ್ಷ ನೋಡಿ ತಿಳ್ಕೊಂಡಿರೋದು ಮೇಲು. ಒಂದೆಲಗ, ದೊಡ್ಡಪತ್ರೆ, ತುಂಬೆ, ಲಕ್ಕಿ, ಆಡುಸೋಗೆ, ಈ ಐದು ಇದ್ರೆ ಮನೇಲಿ ಮಾಮೂಲಾಗಿ ಬರೋ ಶೀತ, ಕೆಮ್ಮು, ಮೂಗು ಕಟ್ಟೋದು, ಮೈಕೈ ನೋವು, ಹೊಟ್ಟೆ ಉರಿ ಇಷ್ಟಕ್ಕೆಲ್ಲ ಒಂದು ಮಟ್ಟಿಗೆ ಸಮಾಧಾನ ಸಿಗುತ್ತೆ.

ಮದ್ದು ಅಂತ ಶುರು ಮಾಡೋ ಮುಂಚೆ ಅಡುಗೆ ಅಂತ ಶುರು ಮಾಡಿ. ಒಂದೆಲಗದ ತಂಬುಳಿ ಮಾಡಿ. ಬೇರು ಸಮೇತ ಕೀಳದೆ ಒಂದು ಹಿಡಿ ಎಲೆ ಚಿವುಟಿ ತಂದು ಮೂರ್ನಾಲ್ಕು ನೀರಲ್ಲಿ ತೊಳೆದು, ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿದು, ಎರಡು ಮೂರು ಚಮಚ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಎರಡು ಲೋಟ ಮಜ್ಜಿಗೆಗೆ ಕಲಸಿ ಉಪ್ಪು ಹಾಕಿ ಒಗ್ಗರಣೆ ಕೊಟ್ರೆ ಆಯ್ತು. ದೊಡ್ಡಪತ್ರೆದೂ ಹೀಗೇ, ಆದ್ರೆ ಎಲೆನ ತುಪ್ಪದಲ್ಲಿ ಬಾಡಿಸ್ಕೋಬೇಕು. ಊಟದ ಜೊತೆ ತಿನ್ನೋದಾದ್ರೆ ಪ್ರಮಾಣ ತಾನಾಗೇ ಹಿತಮಿತದಲ್ಲಿ ಇರುತ್ತೆ, ನಮ್ಮ ಹಿರಿಯರು ಮದ್ದನ್ನ ಅನ್ನದ ತಟ್ಟೆಗೆ ತಂದಿಟ್ಟಿದ್ದು ದೊಡ್ಡ ಬುದ್ಧಿವಂತಿಕೆ ಅಂತ ನಂಗೆ ಅನ್ಸುತ್ತೆ.

ಗಿಡ ಗುರುತು ಹಿಡಿಯೋಕೆ ಮೊಬೈಲ್ ಆ್ಯಪ್ ಸಾಕಾಗಲ್ವಾ?

ಸಾಕಾಗಲ್ಲ. ಆ್ಯಪ್ ಹೇಳಿದ ಹೆಸರು ಬರೀ ಸುಳಿವು ಅಷ್ಟೇ, ಅದನ್ನ ನಂಬಿ ಬಾಯಿಗೆ ಹಾಕ್ಕೋಬೇಡಿ. ಗಿಡ ಗೊತ್ತಿರೋ ಮನುಷ್ಯರೊಬ್ಬರು ಪಕ್ಕದಲ್ಲಿ ನಿಂತು, ಎಲೆ ಮುಟ್ಟಿಸಿ, ಉಜ್ಜಿ ವಾಸನೆ ತೋರಿಸಿ, ಇದು ಇದೇ ಅಂತ ಹೇಳಬೇಕು. ಊರಲ್ಲಿ ನಾಟಿ ವೈದ್ಯರಿದ್ರೆ, ಮದ್ದಿನ ಸೊಪ್ಪು ತರೋ ಅಜ್ಜಿ ಇದ್ರೆ ಅವರ ಹಿಂದೆ ನಾಲ್ಕು ಸಲ ಗುಡ್ಡ ಹತ್ತಿ ಇಳೀರಿ, ಅವರೂ ಖುಷಿಯಿಂದ ಹೇಳ್ಕೊಡ್ತಾರೆ, ಕೇಳೋರಿಲ್ಲ ಅನ್ನೋದೇ ಅವರಿಗೆ ಬೇಜಾರು.

ಕೆಲವು ಗುರುತು ಹೇಳ್ತೀನಿ. ಒಂದೆಲಗದಲ್ಲಿ ದಂಟು ಎಲೆಗೆ ಸೇರೋ ಕಡೆ ಸೀಳಿರುತ್ತೆ. ಕುಂಡದಲ್ಲಿ ಚೆಂದಕ್ಕೆ ಬೆಳೆಸೋ ಇನ್ನೊಂದು ಗುಂಡೆಲೆ ಗಿಡ ಇದೆ, ಅದರಲ್ಲಿ ದಂಟು ಕೊಡೆ ಕಡ್ಡಿ ಥರ ಎಲೆಯ ಮಧ್ಯಕ್ಕೇ ಬಂದು ಸೇರುತ್ತೆ, ಅದು ಒಂದೆಲಗ ಅಲ್ಲ. ಗರುಗದ ಸೊಪ್ಪಿನ ದಂಟನ್ನ ಕೈಯಲ್ಲಿ ಜಜ್ಜಿದ್ರೆ ಸ್ವಲ್ಪ ಹೊತ್ತಿಗೆ ರಸ ಕಪ್ಪಾಗುತ್ತೆ, ಹೂ ಬಿಳಿ, ಗುಂಡಿ ಅಷ್ಟೇ ಚಿಕ್ಕದು. ಪಾರ್ಕಲ್ಲಿ ನೆಲ ತುಂಬ ಹಬ್ಬೋ ಹಳದಿ ಹೂವಿನದು ಬೇರೆ. ಲಕ್ಕಿ ಎಲೆ ಮೂರು ಅಥವಾ ಐದು ಬೆರಳಿನ ಹಾಗೆ ಸೀಳಿರುತ್ತೆ, ತಳಭಾಗ ಬೂದುಬಿಳುಪು, ಹೂ ನೀಲಿ ನೇರಳೆ, ಒಂದ್ಸಲ ಉಜ್ಜಿ ಮೂಸಿದ್ರೆ ಆ ಘಾಟು ಮರೆಯೋ ಹಾಗಿಲ್ಲ.

ಆಟಿ ಅಮಾವಾಸ್ಯೆ ದಿನ ಹಾಲೆ ಮರದ ಕಷಾಯ ಕುಡೀತಾರಲ್ಲ, ನಾವೂ ಮಾಡ್ಕೋಬಹುದಾ?

ತುಳುನಾಡಲ್ಲಿ ಇದು ಬಹಳ ಗಟ್ಟಿಯಾದ ಪದ್ಧತಿ. ಆಟಿ ಅಂದ್ರೆ ಜುಲೈ ಆಗಸ್ಟ್ ಹೊತ್ತಿಗೆ ಬರೋ ತುಳು ತಿಂಗಳು. ಆಟಿ ಅಮಾವಾಸ್ಯೆ ದಿನ ಸೂರ್ಯ ಹುಟ್ಟೋ ಮುಂಚೆ ಹೋಗಿ, ಕತ್ತಿ ತಾಗಿಸದೆ ಕಲ್ಲಲ್ಲಿ ಜಜ್ಜಿ ಪಾಲೆದ ಕೆತ್ತೆ ಅಂದ್ರೆ ಹಾಲೆ ಮರದ ತೊಗಟೆ ತಂದು, ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು ರಸ ತೆಗೆದು, ಕಾಯಿಸಿದ ಬೆಣಚುಕಲ್ಲು ಹಾಕಿ ಒಗ್ಗರಣೆ ಕೊಟ್ಟು ಖಾಲಿ ಹೊಟ್ಟೇಲಿ ಕುಡೀತಾರೆ. ವಿಪರೀತ ಕಹಿ, ಉಷ್ಣ. ಆಮೇಲೆ ತಂಪಿಗೆ ಅಂತ ಮೆಂತೆ ಗಂಜಿ ಊಟ.

ಅಪಾಯ ಎಲ್ಲಿದೆ ಅಂದ್ರೆ ಆ ಕತ್ತಲಲ್ಲಿದೆ. ಹಾಲೆ ಅಂದ್ಕೊಂಡು ಕಾಸರಕದ ತೊಗಟೆ ತಂದ್ರೆ ಅದರಲ್ಲಿ ಸ್ಟ್ರಿಕ್ನಿನ್ ಅನ್ನೋ ವಿಷ ಇದೆ, ಮೈ ಸೆಟೆದು ಉಸಿರು ನಿಂತು ಜೀವ ಹೋಗುತ್ತೆ. ಹಾಗಾಗಿ ಹಿಂದಿನ ದಿನ ಬೆಳಕಿರುವಾಗಲೇ ಹೋಗಿ ಮರ ನೋಡಿ ದಾರ ಕಟ್ಟಿ ಗುರುತು ಮಾಡಿ ಬನ್ನಿ. ಹಾಲೆ ಮರದಲ್ಲಿ ಒಂದೇ ಗಂಟಿಂದ ಸುತ್ತಲೂ ಐದರಿಂದ ಏಳು ಎಲೆ ಬಂದಿರುತ್ತೆ, ಚಿವುಟಿದ್ರೆ ಬಿಳಿ ಹಾಲು ಸುರಿಯುತ್ತೆ. ಕಾಸರಕದಲ್ಲಿ ಎಲೆ ಎದುರುಬದುರು ಜೋಡಿ ಜೋಡಿ, ಬುಡದಿಂದಲೇ ಮೂರರಿಂದ ಐದು ನರ ಎದ್ದು ಕಾಣುತ್ತೆ, ಹಾಲು ಬರಲ್ಲ, ಕಿತ್ತಳೆ ಬಣ್ಣದ ಗುಂಡು ಕಾಯಿ. ಇದರಲ್ಲಿ ಒಂದು ಚೂರು ಅನುಮಾನ ಬಂದ್ರೂ ಬಿಟ್ಬಿಡಿ. ಕರಾವಳಿಯ ಎಷ್ಟೋ ಕಡೆ ಸಂಘ ಸಂಸ್ಥೆಗಳೇ ಅವತ್ತು ಕಷಾಯ ಮಾಡಿ ಹಂಚ್ತಾರೆ, ಗೊತ್ತಿರೋರು ಮಾಡಿದ್ದನ್ನ ಕುಡಿಯೋದು ವಾಸಿ.

ಕೊಡಗಿನ ಮದ್ದುಸೊಪ್ಪು ಇದಕ್ಕಿಂತ ಸೌಮ್ಯ. ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದ್ರೆ ಆಗಸ್ಟ್ ಶುರುವಿನಲ್ಲಿ ಆ ಸೊಪ್ಪಿಗೆ ಒಂದು ಸುವಾಸನೆ ಬರುತ್ತೆ, ಬೇಯಿಸಿದ್ರೆ ನೇರಳೆ ಬಣ್ಣದ ರಸ, ಅದರಲ್ಲಿ ಅಕ್ಕಿ ಬೆಲ್ಲ ಹಾಕಿ ಪಾಯಸ. ಮಾರನೇ ದಿನ ಮೂತ್ರ ಕೆಂಪಾಗಿ ಹೋದ್ರೆ ಗಾಬರಿ ಆಗ್ಬೇಡಿ, ಅದು ಸೊಪ್ಪಿನ ಬಣ್ಣ.

ಕಷಾಯಕ್ಕೆ ಅಳತೆ ಹೇಗೆ? ಎಷ್ಟು ಕುದಿಸಬೇಕು?

ಮನೆ ಲೆಕ್ಕ ಸುಲಭ. ನಾಲ್ಕು ಲೋಟ ನೀರು ಒಂದು ಲೋಟಕ್ಕೆ ಇಳೀಬೇಕು, ಸಣ್ಣ ಉರಿ, ಮುಚ್ಚಳ ತೆಗೆದಿರಲಿ. ಎಲೆ ಮೆತ್ತಗಿದ್ರೆ ಇಷ್ಟು ಸಾಕು, ತೊಗಟೆ ಬೇರು ಥರ ಗಟ್ಟಿ ಪದಾರ್ಥಕ್ಕೆ ಇನ್ನೂ ಜಾಸ್ತಿ ನೀರು ಹಿಡಿಯುತ್ತೆ, ರಾತ್ರಿನೇ ಜಜ್ಜಿ ನೆನೆಹಾಕಿದ್ರೆ ಒಳ್ಳೇದು. ಲಕ್ಕಿ, ತುಂಬೆ ಥರ ವಾಸನೆ ಇರೋ ಸೊಪ್ಪನ್ನ ಹಾಗೆ ಗಂಟೆಗಟ್ಟಲೆ ಕುದಿಸಿದ್ರೆ ಅದರ ಸಾರವೆಲ್ಲ ಆವಿ ಜೊತೆ ಹೋಗುತ್ತೆ, ಅದಕ್ಕೆ ಕುದಿ ನೀರಿಗೆ ಹಾಕಿ ತಟ್ಟೆ ಮುಚ್ಚಿಡಬೇಕು. ಪಾತ್ರೆ ಸ್ಟೀಲು ಅಥವಾ ಮಣ್ಣಿಂದು. ಮುರುಗಲು, ನೆಲ್ಲಿ ಥರ ಹುಳಿ ಇರೋದನ್ನ ಅಲ್ಯೂಮಿನಿಯಂ, ತಾಮ್ರದಲ್ಲಿ ಮಾಡಲೇಬೇಡಿ. ಇವತ್ತಿನ ಕಷಾಯ ಇವತ್ತಿಗೇ, ಫ್ರಿಜ್ಜಲ್ಲಿಟ್ಟು ವಾರ ಪೂರ್ತಿ ಕುಡಿಯೋದು ಬೇಡ.

ಕೆಮ್ಮಿಗೆ ಏನು ಮಾಡೋದು?

ದೊಡ್ಡೋರಿಗೆ ಆಡುಸೋಗೆ. ಎರಡು ಮೂರು ಬಲಿತ ಎಲೆ, ನಾಲ್ಕೈದು ಕಾಳುಮೆಣಸು, ಸ್ವಲ್ಪ ಜೀರಿಗೆ, ಒಂದು ತುಂಡು ಬೆಲ್ಲ ಹಾಕಿ ಮೇಲೆ ಹೇಳಿದ ಹಾಗೆ ಬತ್ತಿಸಿ, ಅರ್ಧ ಅರ್ಧ ಲೋಟ ಬೆಳಗ್ಗೆ ಸಂಜೆ, ಮೂರು ದಿನ. ಕಟ್ಟಿದ ಕಫ ಸಡಿಲ ಆಗುತ್ತೆ. ಇದು ಬರೀ ಅಜ್ಜಿ ನಂಬಿಕೆ ಅಂತ ತಳ್ಳಿಹಾಕೋರಿಗೆ ಒಂದು ಮಾತು, ಅಂಗಡಿ ಕೆಮ್ಮಿನ ಸಿರಪ್ಪಿನಲ್ಲಿ ಇರೋ ಬ್ರೋಮ್‌ಹೆಕ್ಸಿನ್ ಅನ್ನೋ ಔಷಧಿ ಬಂದಿದ್ದೇ ಆಡುಸೋಗೆಯ ವ್ಯಾಸಿಸಿನ್ ಅನ್ನೋ ಅಂಶದ ಜಾಡು ಹಿಡಿದು. ಅಷ್ಟು ಕಸುವಿರೋ ಗಿಡ ಆದ್ರಿಂದಲೇ ಜಾಗ್ರತೆನೂ ಬೇಕು: ಗರ್ಭಿಣಿಯರು ಆಡುಸೋಗೆ ಮುಟ್ಟಲೇಬಾರ್ದು, ಅದು ಗರ್ಭಕೋಶನ ಕೆರಳಿಸುತ್ತೆ.

ಮಕ್ಕಳಿಗೆ ದೊಡ್ಡಪತ್ರೆ ಎಲೆನ ಕೆಂಡದ ಮೇಲೆ ಬಾಡಿಸಿ ಹಿಂಡಿ ಅರ್ಧ ಚಮಚ ರಸ, ಒಂದೆರಡು ಹನಿ ಜೇನುತುಪ್ಪ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನಾಲಿಗೆಗೆ ಸವರೋದೂ ಬೇಡ, ಅದರಲ್ಲಿರೋ ಬೊಟುಲಿಸಂ ಬೀಜಾಣು ಆ ವಯಸ್ಸಿನ ಕರುಳಲ್ಲಿ ಬೆಳೆದು ಪ್ರಾಣಕ್ಕೇ ತರುತ್ತೆ. ಮಗು ಉಸಿರು ಎಳ್ಕೊಳ್ಳುವಾಗ ಪಕ್ಕೆ ಒಳಗೆ ಹೋಗ್ತಿದ್ರೆ, ಹಾಲು ಕುಡೀತಿಲ್ಲ ಅಂದ್ರೆ ಕಷಾಯ ಕುದಿಸ್ತಾ ಕೂರಬೇಡಿ, ಎತ್ಕೊಂಡು ಆಸ್ಪತ್ರೆಗೆ ಹೋಗಿ. ದೊಡ್ಡೋರಲ್ಲಿ ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸ್ಬೇಕು, ಸರ್ಕಾರಿ ಆಸ್ಪತ್ರೇಲಿ ಟಿಬಿ ಪರೀಕ್ಷೆ ಫ್ರೀ.

ಲಕ್ಕಿ ಸೊಪ್ಪಿನ ಆವಿ ತಗೋಬಹುದಾ?

ಖಂಡಿತ. ಲಕ್ಕಿ, ತುಂಬೆ ಎರಡೂ ಒಂದೊಂದು ಹಿಡಿ ಕುದಿ ನೀರಿಗೆ ಹಾಕಿ, ಒಲೆಯಿಂದ ಇಳಿಸಿ, ಎರಡು ನಿಮಿಷ ಬಿಟ್ಟು ತಲೆಗೆ ಟವಲ್ ಹೊದ್ದು ತಗೊಳ್ಳಿ. ಚಿಕ್ಕ ಮಕ್ಕಳಿಗೆ ಮಾತ್ರ ಬಿಸಿ ಪಾತ್ರೆ ಮುಂದೆ ಕಂಬಳಿ ಹೊದಿಸಿ ಕೂರಿಸೋದು ಬೇಡ, ಪಾತ್ರೆ ಮಗುಚಿ ತೊಡೆ ಹೊಟ್ಟೆ ಸುಟ್ಟುಕೊಂಡ ಮಕ್ಕಳು ಎಷ್ಟೋ. ಮೈಕೈ ನೋವಿಗೆ ಅದೇ ಸೊಪ್ಪು ಕುದಿಸಿದ ನೀರಲ್ಲಿ ಸ್ನಾನ. ಬಾಣಂತಿ ನೀರಿಗೂ ನಮ್ಮ ಕಡೆ ಲಕ್ಕಿ ಹಾಕ್ತಾರೆ.

ಮುರುಗಲ ತುಪ್ಪ ಮನೇಲಿ ಮಾಡೋಕಾಗುತ್ತಾ?

ಆಗುತ್ತೆ, ಮತ್ತೆ ಹೊಸಬರಿಗೆ ಇದಕ್ಕಿಂತ ಒಳ್ಳೇ ಕೆಲಸ ಇಲ್ಲ, ಯಾಕಂದ್ರೆ ಹೊರಗೆ ಹಚ್ಚೋದು, ಅಪಾಯ ಕಮ್ಮಿ. ಏಪ್ರಿಲ್ ಮೇ ತಿಂಗಳಲ್ಲಿ ಮುರುಗಲು ಅಥವಾ ಪುನರ್ಪುಳಿ ಹಣ್ಣಾದಾಗ ಸಿಪ್ಪೆನ ಶರಬತ್ತಿಗೆ, ಸಾರಿಗೆ ಅಂತ ಒಣಗಿಸ್ತೀವಲ್ಲ, ಆಗ ಬೀಜ ಎಸೀಬೇಡಿ. ಬೂದಿ ಹಾಕಿ ತಿಕ್ಕಿ ಲೋಳೆ ತೊಳೆದು ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಸಿಪ್ಪೆ ಒಡೆದು ಒಳಗಿನ ತಿರುಳು ಕುಟ್ಟಿ ಪುಡಿ ಮಾಡಿ, ದೊಡ್ಡ ಪಾತ್ರೆ ನೀರಲ್ಲಿ ಹಾಕಿ ಕುದಿಸ್ತಾ ಇದ್ರೆ ಜಿಡ್ಡು ಮೇಲೆ ತೇಲುತ್ತೆ. ರಾತ್ರಿ ಆರೋಕೆ ಬಿಟ್ರೆ ಬೆಳಗ್ಗೆ ಮೇಲೆ ಕೆನೆ ಗಟ್ಟಿಯಾಗಿ ನಿಂತಿರುತ್ತೆ. ಅದನ್ನ ತೆಗೆದು ಇನ್ನೊಂದ್ಸಲ ಕಾಯಿಸಿ ನೀರಿನಂಶ ಹೋಗಿಸಿ, ಬಟ್ಟೇಲಿ ಸೋಸಿ ಉಂಡೆ ಕಟ್ಟಿದ್ರೆ ವರ್ಷಗಟ್ಟಲೆ ಇರುತ್ತೆ.

ಸುಮಾರು 40 ಡಿಗ್ರಿ ಬಿಸೀಲಿ ಕರಗೋ ಜಿಡ್ಡು ಇದು, ಹಾಗಾಗಿ ಮಾಮೂಲಿ ದಿನ ಗಟ್ಟಿ, ಒಲೆ ಹತ್ರ ಹಿಡಿದು ತಿಕ್ಕಿದ್ರೆ ಕರಗಿ ಒಡೆದ ಹಿಮ್ಮಡಿ ಒಳಗೆ ಇಳಿಯುತ್ತೆ. ರಾತ್ರಿ ಬಿಸಿನೀರಲ್ಲಿ ಕಾಲು ನೆನೆಸಿ ಒರೆಸಿ ಹಚ್ಚಿ ಸಾಕ್ಸ್ ಹಾಕ್ಕೊಂಡು ಮಲಗಿ. ಚಳಿಗಾಲದಲ್ಲಿ ತುಟಿಗೂ ಇದೇ. ಅಡಿಕೆ ತೋಟದ ಕೆಲಸ ಮಾಡೋರ ಕೈಗಂತೂ ಇದಕ್ಕಿಂತ ಒಳ್ಳೇ ಕ್ರೀಮ್ ಇನ್ನೂ ಯಾರೂ ಮಾಡಿಲ್ಲ ಅಂತ ನನ್ನ ಅಭಿಪ್ರಾಯ.

ಗರುಗದ ಎಣ್ಣೆ ಕಾಯಿಸುವಾಗ ಹದ ಗೊತ್ತಾಗಲ್ಲ, ಬೂಸ್ಟು ಬರುತ್ತೆ, ಯಾಕೆ?

ನೀರಿನಂಶ ಉಳಿದಿರುತ್ತೆ, ಅದಕ್ಕೇ. ಕಾಲು ಲೀಟರ್ ಕೊಬ್ಬರಿ ಎಣ್ಣೆಗೆ ಒಂದು ಲೀಟರ್ ಸೊಪ್ಪಿನ ರಸ ಅನ್ನೋದು ಹಳೇ ಲೆಕ್ಕ. ಅಷ್ಟು ರಸ ಬತ್ತೋಕೆ ಸಣ್ಣ ಉರೀಲಿ ಬಹಳ ಹೊತ್ತು ಬೇಕು, ಅವಸರ ಮಾಡಿದ್ರೆ ಸೀದು ಹೋಗುತ್ತೆ. ಹದ ನೋಡೋದು ಹೀಗೆ: ತಳದ ಗಸಿ ಸ್ವಲ್ಪ ತೆಗೆದು ಬೆರಳಲ್ಲಿ ಹೊಸೆದ್ರೆ ಬತ್ತಿ ಹಾಗೆ ಸುತ್ತಬೇಕು, ಆ ಬತ್ತೀನ ದೀಪಕ್ಕೆ ಹಿಡಿದ್ರೆ ಚಟಪಟ ಅನ್ನದೆ ಉರೀಬೇಕು. ಚಟಪಟ ಅಂದ್ರೆ ಇನ್ನೂ ನೀರಿದೆ. ಸೋಸಿ, ಪೂರ್ತಿ ಆರಿದ ಮೇಲೆ ಒಣಗಿದ ಗಾಜಿನ ಬಾಟಲಿಗೆ ಹಾಕಿ. ಬಕ್ಕ ತಲೇಲಿ ಕೂದಲು ಬರುತ್ತೆ ಅಂತೆಲ್ಲ ಹೇಳಲ್ಲ ನಾನು, ತಲೆ ತಂಪಾಗಿರುತ್ತೆ, ನಿದ್ದೆ ಚೆನ್ನಾಗಿ ಬರುತ್ತೆ, ಅಷ್ಟು ಸಾಲದಾ.

ಅಮೃತಬಳ್ಳಿ ದಿನಾ ಕುಡಿದ್ರೆ ಒಳ್ಳೇದಲ್ವಾ?

ದಿನಾ ಬೇಡ. ಕೊರೊನಾ ಟೈಮಲ್ಲಿ ಜನ ತಿಂಗಳುಗಟ್ಟಲೆ ಕುಡಿದ್ರು, 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ತಗೊಂಡವರಲ್ಲಿ ಲಿವರ್ ಪೆಟ್ಟು ತಿಂದಿದ್ದನ್ನ ವರದಿ ಮಾಡಿದ್ರು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಅದೇ ಜಾತಿಯ ಇನ್ನೊಂದು ಬಳ್ಳಿ ಬೆರೆತಿರಬಹುದು ಅಂತು. ಆ ಇನ್ನೊಂದರ ಕಾಂಡದ ತುಂಬ ಗುಳ್ಳೆ ಗುಳ್ಳೆ ಗಂಟು ಇರುತ್ತೆ, ನಮ್ಮದರಲ್ಲಿ ಅಷ್ಟಿಲ್ಲ. ವಾದ ಯಾವ ಕಡೆ ಹೋದ್ರೂ ನಮಗೆ ಬೇಕಾದ ಪಾಠ ಒಂದೇ: ಜ್ವರ ಬಿಟ್ಟ ಮೇಲೆ ನಾಲಿಗೆ ಕೆಟ್ಟಾಗ ಎರಡ್ಮೂರು ದಿನ ಕುಡಿದು ನಿಲ್ಲಿಸೋ ಮದ್ದನ್ನ ಕಾಫಿ ಜಾಗಕ್ಕೆ ತರಬಾರ್ದು. ಥೈರಾಯ್ಡ್, ಕೀಲುವಾತ ಥರ ಮೈ ತನ್ನ ಮೇಲೇ ತಿರುಗಿ ಬೀಳೋ ಕಾಯಿಲೆ ಇರೋರು, ಲಿವರ್ ತೊಂದರೆ ಇರೋರು ಪೂರ್ತಿ ಬಿಡಿ.

ಕಾಮಾಲೆಗೆ ನೆಲನೆಲ್ಲಿ ಸಾಕಾ?

ಮೊದಲು ರಕ್ತ ಪರೀಕ್ಷೆ. ಕಣ್ಣು ಹಳದಿ ಆಗೋಕೆ ನೀರಿಂದ ಬರೋ ಹೆಪಟೈಟಿಸ್ ಎ ಕಾರಣ ಇರಬಹುದು, ಬಿ ಇರಬಹುದು, ಪಿತ್ತನಾಳದಲ್ಲಿ ಕಲ್ಲಿರಬಹುದು, ಇಲಿಜ್ವರ ಇರಬಹುದು. ಎ ಆದ್ರೆ ಬಹಳ ಜನಕ್ಕೆ ವಿಶ್ರಾಂತೀಲೇ ವಾಸಿ ಆಗುತ್ತೆ, ಅದಕ್ಕೇ ಸುತ್ತಮುತ್ತ ಎಲ್ಲ ಮದ್ದೂ ಗೆದ್ದ ಹಾಗೆ ಕಾಣುತ್ತೆ. ಕಲ್ಲಿದ್ರೆ, ಇಲಿಜ್ವರ ಆಗಿದ್ರೆ ಸೊಪ್ಪು ಅರೆದು ಕುಡಿದ ಒಂದೊಂದು ದಿನವೂ ದಂಡ. ಏನು ಅಂತ ಗೊತ್ತಾದ ಮೇಲೆ ವೈದ್ಯರಿಗೆ ಹೇಳಿ ನೆಲನೆಲ್ಲಿ ತಂಬುಳಿ ಊಟಕ್ಕೆ ಸೇರಿಸ್ಕೊಳ್ಳಿ.

ಯಾವ ಗಿಡ ಮನೆಮದ್ದಿಗೆ ಬೇಡವೇ ಬೇಡ?

ಈಶ್ವರಿ ಬೇರಿಂದ ಶುರು ಮಾಡ್ತೀನಿ, ಯಾಕಂದ್ರೆ ಇದು ವಿಷ ಅಂತ ಬಹಳ ಜನಕ್ಕೆ ಗೊತ್ತೇ ಇಲ್ಲ. ಅದರಲ್ಲಿರೋ ಅರಿಸ್ಟೊಲೋಕಿಕ್ ಆಮ್ಲ ಕಿಡ್ನಿನ ಹಾಳು ಮಾಡುತ್ತೆ, ಮೂತ್ರನಾಳದ ಕ್ಯಾನ್ಸರ್ ತರುತ್ತೆ. 1990ರ ದಶಕದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸೋ ಮಾತ್ರೇಲಿ ಇದೇ ಕುಲದ ಗಿಡ ತಪ್ಪಾಗಿ ಸೇರಿ ಸುಮಾರು ನೂರು ಹೆಂಗಸರ ಕಿಡ್ನಿ ಹೋಯ್ತು. ಇವತ್ತು ತಿಂದ್ರೆ ಇವತ್ತೇ ಏನೂ ಆಗಲ್ಲ, ಅದೇ ಇದರ ಕೆಟ್ಟ ಗುಣ. ಆ ಬಳ್ಳೀನ ಹಾಗೇ ಬಿಡಿ, ನಮ್ಮ ರಾಜ್ಯದ ಚಿಟ್ಟೆ ಸಹ್ಯಾದ್ರಿ ಬರ್ಡ್‌ವಿಂಗ್ ಮೊಟ್ಟೆ ಇಡೋದು ಆ ಜಾತಿ ಬಳ್ಳಿ ಮೇಲೇ.

ಅಗ್ನಿಶಿಖೆ ಅಂದ್ರೆ ಗೌರಿ ಹೂವಿನ ಗಡ್ಡೇಲಿ ಕೊಲ್ಚಿಸಿನ್ ಇದೆ, ಕಾಡುಗೆಣಸು ಅಂದ್ಕೊಂಡು ಬೇಯಿಸಿ ತಿಂದು ಸತ್ತವರಿದಾರೆ. ಎಲೆಯ ತುದಿ ಸುರುಳಿ ಸುತ್ತಿದ್ರೆ ಆ ಗಡ್ಡೆ ಮುಟ್ಟಬೇಡಿ. ಗುಲಗಂಜಿ ಬೀಜ, ದತ್ತೂರಿ, ಎರಡೂ ಥರದ ಕಣಗಿಲೆ ಇವೆಲ್ಲ ಹೊಟ್ಟೆಗೆ ಹೋಗೋ ಮಾತೇ ಇಲ್ಲ. ಎಕ್ಕದ ಹಾಲು ಕಣ್ಣಿಗೆ ಬಿದ್ರೆ ದೃಷ್ಟಿಗೇ ಕುತ್ತು. ಸರ್ಪಗಂಧ ಬಿಪಿಯನ್ನ ಕುಸಿಸುತ್ತೆ, ಅದರ ಅಳತೆ ಮನೇಲಿ ಮಾಡೋದಲ್ಲ. ಲೋಳೆಸರ ಒಳ್ಳೇದೇ, ಆದ್ರೆ ಕತ್ತರಿಸಿದ ತಕ್ಷಣ ಸೋರೋ ಹಳದಿ ರಸ ಜೋರು ಭೇದಿ ಮಾಡಿಸುತ್ತೆ, ಬುಡ ಕೆಳಗೆ ಮಾಡಿ ಕಾಲು ಗಂಟೆ ನಿಲ್ಲಿಸಿ ಸೋರಿಸಿ, ತೊಳೆದು ಆಮೇಲೆ ಒಳಗಿನ ಲೋಳೆ ತೆಗೀಬೇಕು.

ಹಾವು ಕಚ್ಚಿದ್ರೆ ಬೇರು ಅರೆದು ಕುಡಿಸ್ತಾರಲ್ಲ?

ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ, ಕಚ್ಚಿದ ಕೈ ಕಾಲು ಅಲ್ಲಾಡಿಸದೆ ಆಸ್ಪತ್ರೆಗೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಇಂಜೆಕ್ಷನ್ ಇದೆ, ಸರ್ಕಾರಿ ಆಸ್ಪತ್ರೇಲಿ ದುಡ್ಡು ಕೊಡಬೇಕಾಗಿಲ್ಲ. ನಾಯಿ ಕಚ್ಚಿದ್ರೂ ಅಷ್ಟೇ, ಸೋಪಲ್ಲಿ ಹದಿನೈದು ನಿಮಿಷ ತೊಳೆದು ಲಸಿಕೆ ಹಾಕಿಸಿ.

ಕಾಡಿಂದ ತರೋಕೆ ಪರ್ಮಿಷನ್ ಬೇಕಾ?

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದೊಳಗೆ ಒಂದು ಎಲೆನೂ ಕೀಳೋ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಮೀಸಲು ಅರಣ್ಯದಲ್ಲೂ ಇಲಾಖೆ ಒಪ್ಪಿಗೆ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಕಾಡಲ್ಲೇ ಬದುಕೋರಿಗೆ ಕಿರು ಉತ್ಪನ್ನದ ಹಕ್ಕಿದೆ, ಅದು ಅವರ ಜೀವನ, ಕಾರಲ್ಲಿ ಬಂದು ಚೀಲ ತುಂಬ್ಕೊಳ್ಳೋ ನಮ್ಮಂಥವರಿಗಲ್ಲ. ನಮಗೆ ಬೇಲಿ ಸಾಲು, ಗದ್ದೆ ಬದು, ಸ್ವಂತ ಬೆಟ್ಟ, ಹಿತ್ಲು ಸಾಕು.

ಇನ್ನೊಂದು ಮುಖ್ಯ ವಿಷಯ, ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹತ್ರ ಮೊದಲು ಕಂಡಿದ್ದು, ಇವತ್ತಿಗೂ ಬಿಟ್ಟಿಲ್ಲ, ಡಿಸೆಂಬರ್‌ನಿಂದ ಮೇವರೆಗೆ ಜೋರು. ಹರಡೋದು ಉಣುಗಿನಿಂದ. ಆ ತಿಂಗಳುಗಳಲ್ಲಿ ಸೊಪ್ಪಿಗೆ, ದರಗಿಗೆ (ಉದುರಿದ ಒಣ ಎಲೆಗೆ) ಅಂತ ಕಾಡಿಗೆ ಹೋಗೋದನ್ನ ಆದಷ್ಟು ತಪ್ಪಿಸಿ. ಹೋಗಲೇಬೇಕಂದ್ರೆ ಉದ್ದ ತೋಳು, ಪ್ಯಾಂಟು, ಉಣುಗು ಕಚ್ಚದ ಹಾಗೆ ಮೈಗೆ ಹಚ್ಕೊಳ್ಳೋಕೆ ಆರೋಗ್ಯ ಇಲಾಖೆ ಕೊಡೋ ಡೆಪಾ ಎಣ್ಣೆ, ಬಂದ ತಕ್ಷಣ ಬಿಸಿನೀರು ಸ್ನಾನ, ಬಟ್ಟೆ ಕುದಿನೀರಿಗೆ. ಮಂಗ ಸತ್ತಿದ್ದು ಕಂಡ್ರೆ ಆಶಾ ಕಾರ್ಯಕರ್ತೆಗೆ ಹೇಳಿ.

ಎಷ್ಟು ಕೀಳಬಹುದು?

ಎಲೆ ಆದ್ರೆ ಗಿಡಕ್ಕೆ ಗೊತ್ತಾಗದಷ್ಟು. ಬೇರು, ತೊಗಟೆ ಆದ್ರೆ ಹತ್ತು ಸಲ ಯೋಚನೆ ಮಾಡಿ. ಮಾಗಳಿ ಬೇರು ಉಪ್ಪಿನಕಾಯಿಗೇ ಅಂತ ಅಗೆದು ಅಗೆದು ಅಳಿವಿನಂಚಿಗೆ ಬಂತು, ಮರದರಿಶಿನ, ಏಕನಾಯಕ, ಅಶೋಕದ ತೊಗಟೆ ಎಲ್ಲದರ ಕಥೆನೂ ಇದೇ. ಅಶೋಕ ಮರದ ಸುತ್ತ ಪೂರ್ತಿ ತೊಗಟೆ ಸುಲಿದ್ರೆ ಮರ ನಿಂತಲ್ಲೇ ಸಾಯುತ್ತೆ. ಇವನ್ನ ಕಾಡಿಂದ ತರಬೇಡಿ, ನರ್ಸರಿಯಿಂದ ಸಸಿ ತಂದು ನೆಡಿ. ಬೆಂಗಳೂರಿನ ಯಲಹಂಕ ಹತ್ರ ಇರೋ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ 1993ರಿಂದ ಔಷಧಿ ಸಸ್ಯಗಳ ಕೆಲಸ ಮಾಡ್ತಿದೆ, ಅಲ್ಲಿನ ತೋಟ ನೋಡಿದ್ರೆ ಗಿಡ ಗುರುತು ಕಲಿಯೋಕೂ ಆಗುತ್ತೆ.

ಒಣಗಿಸಿ ಇಡೋದು ಹೇಗೆ?

ನೆರಳಲ್ಲಿ, ಮೊರದ ಮೇಲೆ ತೆಳ್ಳಗೆ ಹರಡಿ. ಮಲೆನಾಡ ಮಳೆಗಾಲದಲ್ಲಿ ಏನೂ ಒಣಗಲ್ಲ, ಒಲೆ ಮೇಲಿನ ಅಟ್ಟ ಇದ್ರೆ ಪುಣ್ಯ. ಮುರಿದ್ರೆ ಪಟ್ ಅನ್ನಬೇಕು. ಹೆಸರು, ತಾರೀಖು ಬರೆದ ಚೀಟಿ ಅಂಟಿಸಿ. ಒಂದು ವರ್ಷ ಆದ ಎಲೆ, ಬೂಸ್ಟು ವಾಸನೆ ಬಂದಿದ್ದು ಗೊಬ್ಬರಗುಂಡಿಗೆ.

ಶುಗರ್, ಬಿಪಿ ಮಾತ್ರೆ ಬಿಟ್ಟು ಇದನ್ನೇ ತಗೋಬಹುದಾ?

ಇಲ್ಲ. ಈ ಪ್ರಶ್ನೆ ಕೇಳಿದಾಗೆಲ್ಲ ನಂಗೆ ಹೆದರಿಕೆ ಆಗುತ್ತೆ. ಮಾತ್ರೆ ಜೊತೆಗೆ ಕಷಾಯನೂ ಸೇರಿಸ್ಕೊಂಡ್ರೂ ಸಕ್ಕರೆ ದಿಢೀರ್ ಇಳಿಯೋ ಸಾಧ್ಯತೆ ಇದೆ, ಹಾಗಾಗಿ ಏನು ತಗೊಳ್ತಿದೀರಿ ಅನ್ನೋದು ಡಾಕ್ಟ್ರಿಗೆ ಗೊತ್ತಿರಲಿ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಆಪರೇಷನ್ ಇರೋರು ಎಲ್ಲ ಮನೆಮದ್ದು ನಿಲ್ಲಿಸಿ.

ಬೆಂಗಳೂರಲ್ಲಿ ಇದೀವಿ, ನಾವೇನು ಮಾಡೋದು?

ರಸ್ತೆ ಬದಿ, ಕೆರೆ ಏರಿ, ಖಾಲಿ ಸೈಟಲ್ಲಿ ಕೀಳಬೇಡಿ. ಕಳೆನಾಶಕ ಹೊಡೆದಿರ್ತಾರೆ, ಒಂದೆಲಗ ಅಂತೂ ಚರಂಡಿ ನೀರಲ್ಲಿ ಬೆಳೆದ್ರೆ ಅಲ್ಲಿರೋ ಸೀಸದಂಥ ಲೋಹನೂ ಹೀರ್ಕೊಳ್ಳುತ್ತೆ. ಬಾಲ್ಕನಿ ಕುಂಡದಲ್ಲಿ ದೊಡ್ಡಪತ್ರೆ ಒಂದು ಕಡ್ಡಿ ಊರಿದ್ರೂ ಬರುತ್ತೆ, ಒಂದೆಲಗಕ್ಕೆ ಅಗಲ ಟಬ್, ಅರೆ ನೆರಳು, ದಿನಾ ನೀರು. ತುಂಬೆ ಬೀಜ ಉದುರಿಸಿದ್ರೆ ತಾನೇ ಹುಟ್ಟುತ್ತೆ. ಒಣಗಿದ ಬೇರು ತೊಗಟೆ ಬೇಕಂದ್ರೆ ಹಳೇ ಗ್ರಂಧಿಗೆ ಅಂಗಡೀಲಿ ಇಡಿಯಾಗಿರೋದನ್ನೇ ಕೇಳಿ, ಪುಡಿ ತಗೋಬೇಡಿ, ಪುಡೀಲಿ ಏನಿದೆ ಅಂತ ಯಾರಿಗೂ ಕಾಣಲ್ಲ.

ಮಾಡಿದ್ದನ್ನ ಮಾರಬಹುದಾ?

ಮನೆಯವರಿಗೆ, ನೆಂಟರಿಗೆ ಕೊಡೋದು ಬೇರೆ. ಔಷಧಿ ಅಂತ ಹೆಸರಿಟ್ಟು ಮಾರೋಕೆ 1940ರ ಔಷಧ ಕಾಯ್ದೆ ಪ್ರಕಾರ ಆಯುಷ್ ಲೈಸೆನ್ಸ್ ಬೇಕು. ಶುಗರ್ ವಾಸಿ ಆಗುತ್ತೆ, ಕ್ಯಾನ್ಸರ್ ಹೋಗುತ್ತೆ ಅಂತ ಜಾಹೀರಾತು ಹಾಕಿದ್ರೆ 1954ರ ಕಾಯ್ದೆ ಪ್ರಕಾರ ಅಪರಾಧ, ವಾಟ್ಸಾಪಲ್ಲಿ ಹಾಕಿದ್ರೂ ಜಾಹೀರಾತೇ. ತಂಬುಳಿ ಪುಡಿ, ಮುರುಗಲ ಶರಬತ್ತು ಥರ ತಿನಿಸು ಅಂತ ಮಾರೋದಾದ್ರೆ ಆಹಾರ ಸುರಕ್ಷತೆ ನೋಡ್ಕೊಳ್ಳೋ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಸಣ್ಣ ಪ್ರಮಾಣದವರಿಗೆ ಆನ್‌ಲೈನಲ್ಲೇ ಆಗುತ್ತೆ.